ಮರಳಿನ ಮನೆವಾರ್ತೆ

ಜನವರಿಯ ಒಂದು ಮಧ್ಯಾಹ್ನ. ಕುಂದಾಪುರದ ಕಡೆ ನೆಂಟರ ಮನೆಗೆ ಹೋಗಿದ್ದವನು ಊಟ ಮುಗಿಸಿ, ಮೊಮ್ಮಗಳ ಕೈ ಹಿಡಿದುಕೊಂಡು ಕಡಲ ತಡಿಗೆ ನಡೆದೆ. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಪಡುವಣ ಗಾಳಿ ಆಗಷ್ಟೇ ಎದ್ದಿತ್ತು. ನೋಡುತ್ತಿದ್ದಂತೆ ಮರಳಿನ ಮೇಲೆ ದುಂಡಗಿನದೊಂದು ವಸ್ತು ಬಂತು. ತೆಂಗಿನಕಾಯಿಗಿಂತ ದೊಡ್ಡದು, ಒಣಹುಲ್ಲಿನ ಬಣ್ಣದ್ದು. ಉರುಳಿಕೊಂಡು ಬಂತು ಎನ್ನುವುದಕ್ಕಿಂತ ಓಡಿಕೊಂಡು ಬಂತು ಎನ್ನಬೇಕು. ಮೈತುಂಬ ಇದ್ದ ಉದ್ದನೆಯ ಸೂಜಿಗಳ ತುದಿಯ ಮೇಲೆ, ಮರಳನ್ನು ಮುಟ್ಟಿಯೂ ಮುಟ್ಟದ ಹಾಗೆ ಅದು ನಮ್ಮ ಮುಂದೆಯೇ ಹಾದುಹೋಯಿತು. ಹೋದ ದಾರಿಯುದ್ದಕ್ಕೂ ಯಾರೋ ದಬ್ಬಳದಿಂದ ಚುಚ್ಚಿದಂತೆ ಸಣ್ಣ ಸಣ್ಣ ಚುಕ್ಕೆಗಳು. ಮೊಮ್ಮಗಳು ಬೆನ್ನಟ್ಟಿದಳು, ಎರಡು ಸಲ ತಪ್ಪಿಸಿಕೊಂಡ ಮೇಲೆ ಹಿಡಿದಳು, ಚುಚ್ಚಿಸಿಕೊಂಡು ಕೈಬಿಟ್ಟಳು. ಆಮೇಲೆ ಕೇಳಿದಳು: “ಅಜ್ಜ, ಇದು ಯಾರ ಚೆಂಡು?”

ಕಡಲ ಬದಿಯವರಿಗೆ ಪರಿಚಯದ ಗಿಡವೇ ಅದು, ರಾವಣನ ಮೀಸೆ. ತಮಿಳಿನಲ್ಲೂ ಮಲಯಾಳದಲ್ಲೂ ಇದೇ ಅರ್ಥದ ಹೆಸರುಗಳಿವೆ. ನಮ್ಮ ಜನ ರಾಮಾಯಣವನ್ನು ಗಿಡಮರಗಳಲ್ಲೂ ಓದಿಕೊಂಡವರು. ಕಾಡಿನ ಮರದ ಮೇಲೆ ಸೀತಾಳೆ ದಂಡೆ ತೂಗುತ್ತದೆ, ಸಂಬಾರದ ಡಬ್ಬಿಯಲ್ಲಿ ರಾಮಪತ್ರೆ ಇರುತ್ತದೆ, ಹಿತ್ತಲಲ್ಲಿ ಸೀತಾಫಲ, ರಾಮಫಲ. ಹೀಗೆ ಹೂವು, ಸುವಾಸನೆ, ಸಿಹಿ ಎಲ್ಲವನ್ನೂ ರಾಮಸೀತೆಯರಿಗೆ ಹಂಚಿಯಾದ ಮೇಲೆ ರಾವಣನ ಪಾಲಿಗೆ ಉಳಿದದ್ದು ಕಡಲಂಚಿನ ಈ ಒರಟು ಹುಲ್ಲು.

ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇದರ ಹೆಸರು ಸ್ಪಿನಿಫೆಕ್ಸ್ ಲಿಟ್ಟೋರಿಯಸ್. ಮೊದಲ ಪದಕ್ಕೆ ಮುಳ್ಳು ಮಾಡುವವನು ಎಂಬ ಅರ್ಥ, ಎರಡನೆಯದಕ್ಕೆ ತೀರದ ನಿವಾಸಿ ಎಂದು. ಬರ್ಮನ್ ಎಂಬ ಡಚ್ ವಿದ್ವಾಂಸ 1768ರಲ್ಲಿ ಇದನ್ನು ವಿವರಿಸಿದ. ಮೆರಿಲ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿ 1912ರಲ್ಲಿ ಈಗಿನ ಹೆಸರನ್ನು ನೆಲೆಗೊಳಿಸಿದ. ಆದರೆ ಅವರಿಬ್ಬರಿಗಿಂತ ಮೊದಲೇ, ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥದ ಕೊನೆಯ ಸಂಪುಟದಲ್ಲಿ ಈ ಹುಲ್ಲಿನ ಚಿತ್ರ ಬಂದಿದೆ. 1678ರಿಂದ 1693ರ ತನಕ 12 ಸಂಪುಟಗಳಾಗಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚಾದ ಗ್ರಂಥ ಅದು. ಅದರ ಹಿಂದೆ ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯರ ತಿಳಿವಳಿಕೆ ಇತ್ತು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರ ಶ್ರಮವೂ ಇತ್ತು. ಮಲಬಾರಿನ ಗಿಡಮರಗಳ ನಡುವೆ ಮರಳಿನ ಮುಳ್ಳುಹುಲ್ಲಿಗೂ ಒಂದು ಪುಟ ಕೊಟ್ಟರಲ್ಲ, ಆ ಹಿರಿಯರ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಆ ಕಾರಣಕ್ಕೆ.

ಚೆಂಡು ಬಂದ ದಿಕ್ಕಿಗೆ ನಡೆದರೆ ಗಿಡವೂ ಸಿಕ್ಕಿತು. ಅಲೆ ಮುಟ್ಟುವ ಗೆರೆಗಿಂತ ತುಸು ಮೇಲೆ, ಅಡಂಬು ಬಳ್ಳಿಯ ನೇರಳೆ ಹೂಗಳು ಮುಗಿಯುವಲ್ಲಿ, ಮೊಣಕಾಲೆತ್ತರದ ಪೊದೆಗಳು. ದೂರಕ್ಕೆ ಬೂದಿ ಬಳಿದಂತೆ ಕಾಣುತ್ತವೆ. ಕುಕ್ಕರುಗಾಲಲ್ಲಿ ಕೂತು ಎಲೆಯನ್ನು ಬೆರಳಿನಿಂದ ಸವರಿ ನೋಡಿ, ಆ ಬೂದಿ ಮೇಣದ ತೆಳುಪದರ ಎಂದು ತಿಳಿಯುತ್ತದೆ. ಉಪ್ಪುನೀರಿನ ತುಂತುರು ಎಲೆಯ ಒಳಗಿಳಿಯದಂತೆ ಅದು ತಡೆಯುತ್ತದೆ. ಗೇಣುದ್ದದ ಎಲೆ ಚಪ್ಪಟೆಯಾಗಿಲ್ಲ. ಅಂಚುಗಳು ಒಳಕ್ಕೆ ಸುತ್ತಿಕೊಂಡು ಕೊಳವೆಯಂತಾಗಿದೆ. ಬಿಸಿಲಿಗೆ ಮೈಯೊಡ್ಡುವುದು ಕಡಮೆಯಾದಷ್ಟೂ ನೀರು ಉಳಿಯುತ್ತದಲ್ಲವೇ? ತುದಿಯಂತೂ ಸೂಜಿಯೇ. ದನ ಬಾಯಿ ಹಾಕಲು ಹಿಂದೆಗೆಯುವುದರಲ್ಲಿ ಆಶ್ಚರ್ಯವಿಲ್ಲ. ಪೊದೆಗಳ ನಡುವೆ ಬೆರಳಿನಷ್ಟು ದಪ್ಪದ ಕಾಂಡಗಳು ಮರಳಿನ ಮೇಲೆ ಮಾರುಗಟ್ಟಲೆ ಹರಿದಿವೆ, ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟಿವೆ, ಅಲ್ಲಲ್ಲಿ ಹೊಸ ಪೊದೆ ಎಬ್ಬಿಸಿವೆ. ಹತ್ತು ಪೊದೆ ಕಂಡೆವು ಎಂದುಕೊಂಡರೆ ಒಮ್ಮೊಮ್ಮೆ ಅದು ಒಂದೇ ಗಿಡ.

ಈ ಹುಲ್ಲಿನಲ್ಲಿ ಗಂಡುಗಿಡ, ಹೆಣ್ಣುಗಿಡ ಬೇರೆ ಬೇರೆ. ಗಂಡಿನ ತೆನೆಗಳು ಗೊಂಚಲಾಗಿ ನಿಂತು ಪರಾಗವನ್ನು ಗಾಳಿಗೆ ಕೊಟ್ಟುಬಿಡುತ್ತವೆ. ಹೆಣ್ಣುಗಿಡ ಒಂದಡಿ ಅಗಲದವರೆಗೂ ಬೆಳೆಯುವ ಗೋಳ ಕಟ್ಟುತ್ತದೆ. ಅದರಲ್ಲಿ ಎತ್ತ ನೋಡಿದರೂ ಸೂಜಿಗಳು. ಒಂದು ಸೂಜಿಯನ್ನು ಮೆಲ್ಲಗೆ ಬಿಡಿಸಿ ಬುಡವನ್ನು ನೋಡಿದೆ: ಅಲ್ಲಿ, ತಾಯ ಸೆರಗಿನಲ್ಲಿ ಮಗು ಸುತ್ತಿಕೊಂಡಂತೆ, ಒಂದೇ ಒಂದು ಕಿರುತೆನೆ. ಬೀಜ ಸೂಜಿಯ ತುದಿಯಲ್ಲಲ್ಲ, ಬುಡದಲ್ಲಿ, ಗೋಳದ ನಡುವೆ ಭದ್ರವಾಗಿ ಕೂತಿರುತ್ತದೆ. ಬಲಿತ ಮೇಲೆ ಇಡೀ ಗೋಳ ಕಾಂಡದಿಂದ ಕಳಚಿಕೊಂಡು ಗಾಳಿಯ ಜೊತೆ ಹೊರಡುತ್ತದೆ. ನೀರಿಗೆ ಬಿದ್ದರೆ ತೇಲುತ್ತದೆ. ಎಲ್ಲಾದರೂ ಒಂದು ಕಡೆ ಮರಳಿನಲ್ಲಿ ಅರ್ಧ ಹುದುಗಿ ನಿಂತರೆ ಅಲ್ಲಿಗೆ ಪ್ರಯಾಣ ಮುಗಿಯಿತು, ಇನ್ನು ಮೊಳಕೆಯ ಕಾಲ. ನಮ್ಮ ಕರಾವಳಿಯಿಂದ ಶ್ರೀಲಂಕಾ, ಆಗ್ನೇಯ ಏಷ್ಯಾ, ತೈವಾನ್‌ವರೆಗೂ ಈ ಹುಲ್ಲು ಹಬ್ಬಿದೆ.

ಇನ್ನೊಂದು ಸಂಗತಿ ತಿಳಿದಾಗ ನನಗೆ ಈ ಗಿಡದ ಮೇಲೆ ಬಂಧುತ್ವವೇ ಹುಟ್ಟಿತು. ಹುಲ್ಲಿನ ಕುಲದೊಳಗೆ ಇದು ಸೇರಿರುವ ಒಳಬಳಗದಲ್ಲೇ ನಮ್ಮ ಸಜ್ಜೆ ಇದೆ, ನವಣೆ ಇದೆ. ಬಯಲುಸೀಮೆಯ ಒಲೆಯ ಮೇಲೆ ರೊಟ್ಟಿಯಾಗುವ ಸಜ್ಜೆಗೂ, ಕಡಲ ಉಪ್ಪುಗಾಳಿಯಲ್ಲಿ ನಿಂತ ಈ ಮುಳ್ಳಿಗೂ ಒಂದೇ ಮನೆತನ. ಬಿರುಬಿಸಿಲಿನಲ್ಲಿ ಕಡಮೆ ನೀರಿನಿಂದ ಬದುಕು ಕಟ್ಟಿಕೊಳ್ಳುವ ವಿದ್ಯೆ ಈ ಮನೆತನಕ್ಕೆ ರಕ್ತಗತ. ಒಬ್ಬ ಮಗ ಹೊಲದಲ್ಲಿ ನಿಂತ, ಇನ್ನೊಬ್ಬ ಗಡಿ ಕಾಯಲು ಹೋದ ಎಂದುಕೊಳ್ಳಬಹುದು.

ಗಡಿ ಕಾಯುವುದು ಎಂದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಣಮರಳು ಗಾಳಿಗೆ ಎದ್ದು ನೆಲಕ್ಕೆ ಒತ್ತಿಕೊಂಡೇ ಹಾರುತ್ತದೆ, ಬರಿಗಾಲಿನ ಹರಡಿಗೆ ಕುಟುಕುವ ಎತ್ತರದಲ್ಲಿ. ಪೊದೆ ಎದುರಾದಲ್ಲಿ ಗಾಳಿಯ ವೇಗ ತಗ್ಗುತ್ತದೆ. ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತದೆ. ಮೊದಲು ಒಂದು ಬೊಗಸೆ, ಆಮೇಲೆ ಒಂದು ಬುಟ್ಟಿ. ಪೊದೆಯ ಬುಡ ಮುಚ್ಚುತ್ತದೆ, ಎಲೆಗಳು ಅರ್ಧ ಮುಚ್ಚುತ್ತವೆ. ಮನೆಯಂಗಳದ ಗಿಡಕ್ಕೆ ಹೀಗಾದರೆ ಅದು ಉಸಿರುಗಟ್ಟಿ ಸಾಯುತ್ತದೆ. ಈ ಹುಲ್ಲು ಮಾತ್ರ ಮುಚ್ಚಿದ ಗೆಣ್ಣಿನಲ್ಲಿ ಹೊಸ ಬೇರು ಬಿಟ್ಟು ಮೇಲಕ್ಕೆ ಇನ್ನೊಂದು ಗೆಣ್ಣು ಬೆಳೆಯುತ್ತದೆ. ಗಾಳಿ ಮತ್ತೆ ಮರಳು ತಂದು ಸುರಿಯುತ್ತದೆ. ಹುಲ್ಲು ಮತ್ತೆ ಒಂದು ಮೆಟ್ಟಿಲು ಏರುತ್ತದೆ. ಹೀಗೆ ಮರಳೂ ಹುಲ್ಲೂ ಒಂದನ್ನೊಂದು ಎತ್ತಿ ಹಿಡಿದು ದಿಬ್ಬವಾಗುತ್ತವೆ. ದಿಬ್ಬದ ಒಡಲಲ್ಲಿ ವರ್ಷ ವರ್ಷದ ಬೇರುಗಳು ಬಲೆ ನೇಯ್ದಿರುತ್ತವೆ. ಎದುರು ಅಲೆಯ ಹೊಡೆತಕ್ಕೆ ಕಡಿದುಹೋದ ದಿಬ್ಬದ ಪಕ್ಕೆಯಲ್ಲಿ ಆ ಬೇರುಗಳು ಜೋತಾಡುವುದನ್ನು ನೋಡಿದ್ದೇನೆ. ಹಳೆಯ ಚಾಪೆಯ ಅಂಚು ಬಿಚ್ಚಿಕೊಂಡಂತೆ ಇರುತ್ತದೆ.

ಮಳೆಗಾಲದಲ್ಲಿ ಕಡಲು ತೀರದ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ನೋಡಿದವರಿಗೆ ಎದೆ ನಡುಗುತ್ತದೆ. ಆದರೆ ಅದು ಹೆಚ್ಚಾಗಿ ಕೈಬದಲಿನ ವ್ಯವಹಾರ. ಕೊಂಡೊಯ್ದ ಮರಳನ್ನು ಅಲೆಗಳು ತುಸು ಆಳದಲ್ಲಿ ದಿಣ್ಣೆಯಾಗಿ ಪೇರಿಸುತ್ತವೆ. ಆ ದಿಣ್ಣೆಗೆ ಬಡಿದೇ ಮುಂದಿನ ದೊಡ್ಡ ಅಲೆ ದಡ ಮುಟ್ಟುವ ಮೊದಲು ಸೊಂಟ ಮುರಿದುಕೊಳ್ಳುತ್ತದೆ. ನವರಾತ್ರಿ ಕಳೆದು ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಕಂತು ಕಂತಾಗಿ ತಂದು ದಡಕ್ಕೆ ಹಾಕುತ್ತವೆ, ಗಾಳಿ ಅದನ್ನು ಒಣಗಿಸಿ ಹುಲ್ಲಿಗೆ ಒಪ್ಪಿಸುತ್ತದೆ. ಸಾಲ ಕೊಡಲು ಗಂಟು ಇರಬೇಕು, ತೀರಿದಾಗ ಎತ್ತಿಡಲು ಕೈ ಇರಬೇಕು. ಗಂಟು ಎಂದರೆ ದಿಬ್ಬ, ಕೈ ಎಂದರೆ ಈ ಹುಲ್ಲು. ಸಂಸಾರ ನಡೆಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿಬ್ಬದ ಹಿಂದಿನ ಬದುಕನ್ನು ನೋಡಿ. ಮುಳ್ಳುಹುಲ್ಲಿನ ಮರೆಗೆ ಮುಂಡೇವು ಎದ್ದಿರುತ್ತದೆ. ಅಷ್ಟಮಿಯ ಕಡುಬಿಗೆ ಮೂಡೆ ಕಟ್ಟಲು ಅದರ ಎಲೆಯೇ ಬೇಕು. ಅದರ ಹಿಂದೆ ಸುರಹೊನ್ನೆ, ತೆಂಗು, ಆಮೇಲೆ ಮನೆ, ಮನೆಯ ಪಕ್ಕ ಬಾವಿ. ಕಡಲು ಕೂಗಳತೆಯಲ್ಲಿದ್ದರೂ ಬಾವಿಯ ನೀರು ಸಿಹಿ. ನಮ್ಮ ನೆಂಟರ ಮನೆಯಲ್ಲಿ ಅದೇ ನೀರಿನಲ್ಲಿ ಬೇಳೆ ಬೇಯುತ್ತದೆ. ಇದು ಪವಾಡವೇನೂ ಅಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಕಡಲಮಟ್ಟದಿಂದ ಒಂದಡಿ ಮೇಲಕ್ಕೆ ಸಿಹಿನೀರು ನಿಂತರೆ, ಅದರ ಭಾರಕ್ಕೆ ಕೆಳಗೆ ಸುಮಾರು 40 ಅಡಿ ತನಕ ಉಪ್ಪುನೀರು ಹಿಂದೆ ಸರಿದಿರುತ್ತದೆ ಎಂದು ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಯುರೋಪಿನ ಇಬ್ಬರು ತಂತ್ರಜ್ಞರು ಲೆಕ್ಕ ಹಾಕಿಟ್ಟಿದ್ದಾರೆ. ಅಂದರೆ ದಿಬ್ಬವನ್ನು ಒಂದಡಿ ಕೆರೆದಾಗ ನಷ್ಟದ ಲೆಕ್ಕ ನೆಲದ ಮೇಲೆ ಮುಗಿಯುವುದಿಲ್ಲ. ಮರಳು ತೆಗೆದವನ ಮನೆ ಎಲ್ಲೋ. ಕೊಡದ ನೀರು ಉಪ್ಪಾಗುವುದು ಹಿಂದಿನ ಓಣಿಯ ಇನ್ಯಾರದೋ ಮನೆಯಲ್ಲಿ.

ದಿಬ್ಬ ಕೆರೆದ ನಷ್ಟ ಬಾವಿಗೇ ನಿಲ್ಲುವುದೂ ಇಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಶ್ರೀಲಂಕಾದ ತೀರಗಳಲ್ಲಿ ಓಡಾಡಿದ ಸಂಶೋಧಕರು ಮರುವರ್ಷ ಪ್ರಕಟಿಸಿದ ಲೇಖನದಲ್ಲಿ ಯಾಲ ಎಂಬ ಜಾಗದ ಒಂದು ಹೋಟೆಲಿನ ಪ್ರಸ್ತಾಪವಿದೆ. ಕೊಠಡಿಯಿಂದ ಕಡಲು ಚೆನ್ನಾಗಿ ಕಾಣಲೆಂದು ಎದುರಿನ ದಿಬ್ಬವನ್ನು ಒಂದಷ್ಟು ತೆಗೆಸಿದ್ದರು. ಹೋಟೆಲು ನಾಶವಾಯಿತು, ಜನ ಸತ್ತರು; ದಿಬ್ಬ ಹಾಗೇ ಉಳಿದಿದ್ದ ನೆರೆಯ ಜಾಗಗಳಲ್ಲಿ ನೀರು ಅಷ್ಟು ಏರಲಿಲ್ಲ. ಆ ಕೆಲವು ಸಾಲುಗಳನ್ನು ಓದಿ ಪುಸ್ತಕ ಮಡಚಿ ಕೂತಿದ್ದೆ. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಅತಿಥಿಗಳಿಗೆ ಚೆಂದದ ನೋಟ ಸಿಗಲಿ ಎಂಬುದು ಆತಿಥ್ಯದ ಆಸೆಯೇ. ಆದರೆ ಕಣ್ಣಿಗೆ ಅಡ್ಡವಾದದ್ದು ಬಾಳಿಗೂ ಅಡ್ಡ ಎಂದುಕೊಂಡುಬಿಟ್ಟರು.

ಅಡ್ಡವಾದದ್ದನ್ನು ತೆಗೆದುಹಾಕುವ ಅಭ್ಯಾಸ ನಮಗೂ ಇದೆ, ದಿನವೂ ಮನೆ ಗುಡಿಸುವವರು ನಾವು. ಗುಡಿಸುವಾಗ ಯಾವುದು ಕಸ ಎಂಬ ತೀರ್ಮಾನ ಪೊರಕೆಯದಲ್ಲ, ಹಿಡಿದವರದು. ಕಡಲತೀರ ಸ್ವಚ್ಛಗೊಳಿಸುವ ಭಾನುವಾರದ ಬೆಳಗುಗಳಲ್ಲಿ ಬಾಟಲಿ, ಹರಿದ ಬಲೆ, ಪ್ಲಾಸ್ಟಿಕ್ ಚೀಲ ಆರಿಸುವ ಮಕ್ಕಳನ್ನು ನೋಡಿದರೆ ಮನಸ್ಸು ತುಂಬಿಬರುತ್ತದೆ. ಅದೇ ಹುಮ್ಮಸ್ಸಿನಲ್ಲಿ ಕೆಲವೆಡೆ ಮುಳ್ಳುಹುಲ್ಲನ್ನೂ ಅಡಂಬು ಬಳ್ಳಿಯನ್ನೂ ಕಿತ್ತು ರಾಶಿ ಹಾಕುತ್ತಾರೆ, ಬೆಂಚು ಹಾಕಲು ಮರಳು ಸಮ ಮಾಡುತ್ತಾರೆ. ಕೆಲವೆಡೆ ದಿಬ್ಬದ ಮೇಲೇ ಗಾಳಿಮರದ ಸಾಲು ನೆಡುತ್ತಾರೆ. ಗಾಳಿಮರಕ್ಕೂ ಅದರದೇ ಉಪಯೋಗವಿದೆ, ಇಲ್ಲವೆನ್ನಲಾರೆ. ಆದರೆ ಅದರ ಉದುರೆಲೆಯ ದಪ್ಪ ಹಾಸಿನಡಿ ಈ ಹುಲ್ಲು ತಲೆಯೆತ್ತುವುದು ಕಷ್ಟ. ಕಡಲಾಮೆ ಬಂದು ಮೊಟ್ಟೆಯಿಡುವುದು ಅಲೆಯ ಗೆರೆಗಿಂತ ಮೇಲಿನ ಇದೇ ಒಣಮರಳಿನಲ್ಲಿ. ಇರುಳಲ್ಲಿ ಹೊರಬಂದ ಮರಿಗಳಿಗೆ ಬೆನ್ನ ಹಿಂದೆ ದಿಬ್ಬದ ಕಪ್ಪು, ಎದುರಿಗೆ ನೀರಿನ ಮಿನುಗು ಕಂಡರೆ ದಾರಿ ತಪ್ಪುವುದಿಲ್ಲ. ದಿಬ್ಬ ಹೋಗಿ ರಸ್ತೆಯ ದೀಪ ಕಂಡರೆ ಅವು ಊರಿನ ಕಡೆ ಹೊರಳುತ್ತವೆ.

2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ, ಆಮೇಲೆ 2019ರಲ್ಲಿ ಬಂದದ್ದೂ ಮರಳುದಿಬ್ಬಗಳನ್ನು ಅತ್ಯಂತ ಸೂಕ್ಷ್ಮ ಎಂದು ಮೊದಲನೆಯ ವರ್ಗದಲ್ಲೇ ಇಟ್ಟಿವೆ. ಕಾಗದದ ಮೇಲೆ ಅಷ್ಟಾಯಿತು. ಮಿಕ್ಕದ್ದು ಕಾಲಿನ ಕೆಲಸ. ಈ ಹುಲ್ಲು ಬಿಸಿಲು ತಡೆಯುತ್ತದೆ, ಉಪ್ಪು ತಡೆಯುತ್ತದೆ, ಹೂತರೂ ಎದ್ದುಬರುತ್ತದೆ. ತುಳಿತವನ್ನು ಮಾತ್ರ ತಾಳದು. ಹರಿದಾಡುವ ಕಾಂಡ ಒಂದು ಕಡೆ ಮುರಿದರೆ ಅಲ್ಲಿಂದ ಮರಳು ಸಡಿಲಗೊಳ್ಳುತ್ತದೆ, ಗಾಳಿ ಅಲ್ಲಿ ಬಾಯಿ ತೆರೆಯುತ್ತದೆ. ಹಾಗಾಗಿ ತೀರಕ್ಕೆ ಹತ್ತು ಕಡೆಯಿಂದ ಇಳಿಯುವ ಬದಲು ಎಲ್ಲರೂ ಒಂದೇ ಕಾಲುದಾರಿಯಲ್ಲಿ ಇಳಿದರೆ, ಜೀಪು ಬೈಕುಗಳನ್ನು ರಸ್ತೆಯಲ್ಲೇ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ನ್ಯೂಜಿಲೆಂಡಿನಲ್ಲಿ ಇದೇ ಹುಲ್ಲಿನ ಸೋದರಜಾತಿಯೊಂದನ್ನು ಊರಿನ ಜನವೇ ಗುಂಪು ಕಟ್ಟಿಕೊಂಡು ಬೀಜ ಆರಿಸಿ, ಸಸಿ ಮಾಡಿ, ಹಾಳಾದ ದಿಬ್ಬಗಳಲ್ಲಿ ನೆಡುತ್ತಾರೆ. ನಮ್ಮಲ್ಲಿ ಎಷ್ಟೋ ಕಡೆ ನೆಡುವ ತಾಪತ್ರಯವೂ ಇಲ್ಲ. ಇದ್ದದ್ದನ್ನು ಇರಗೊಟ್ಟರೆ, ಬೇಲಿ ಕಟ್ಟುವಾಗ ನಾಲ್ಕು ಮಾರು ಹಿಂದೆ ಸರಿದರೆ ಸಾಕು. ಹಳೆಯ ಮೀನುಗಾರರ ಕೇರಿಗಳಲ್ಲಿ ಮನೆಗಳು ದಿಬ್ಬದ ಹಿಂಬದಿಗೆ ಕೂತಿರುವುದನ್ನು ಗಮನಿಸಿದ್ದೀರಾ? ದಿನವೂ ಕಡಲಿಗೆ ಹೋಗುವವರು ಕಡಲಿಗೆ ಎಷ್ಟು ದೂರ ಬಿಡಬೇಕೆಂದು ಬಲ್ಲರು.

ಇಷ್ಟೆಲ್ಲ ಬರೆಯುವ ನಾನು ಅಂದು ಮೊಮ್ಮಗಳ ಪ್ರಶ್ನೆಗೆ “ನಿನ್ನದೇ ಚೆಂಡು” ಎಂದುಬಿಟ್ಟಿದ್ದೆ. ಅದನ್ನು ಬೆಂಗಳೂರಿನ ಮನೆಗೆ ತಂದು ಪುಸ್ತಕದ ಕಪಾಟಿನ ಮೇಲೆ ಇಟ್ಟೆವು. ಬಂದವರೆಲ್ಲ ನೋಡಿ ಬೆರಗಾದರು. ಒಂದು ದಿನ ಧೂಳು ಕೊಡವುವಾಗ ಒಂದು ಸೂಜಿ ಉದುರಿತು. ಎತ್ತಿಕೊಂಡರೆ ಬುಡದಲ್ಲಿ ಕಿರುತೆನೆ, ಉಗುರಿನಿಂದ ಒತ್ತಿದರೆ ಗಟ್ಟಿ. ಒಳಗೆ ಕಾಳಿತ್ತು. ಕಾಯುತ್ತಿತ್ತು ಎಂದೇ ನನಗೆ ಅನ್ನಿಸಿತು. ನೀರಿಲ್ಲದ, ಮರಳಿಲ್ಲದ, ಗಾಳಿಯಾಡದ ಕಪಾಟಿನ ಮೇಲೆ ಒಂದು ತಿಂಗಳಿಂದ ಕೂತಿತ್ತು. ಮೊಮ್ಮಗಳಿಗೆ ತೋರಿಸಿ, ಇದು ಯಾರದು ಎಂದು ಅವತ್ತು ಸರಿಯಾಗಿ ಹೇಳಲಿಲ್ಲ, ಇದು ಆ ದಡದ್ದು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ವಾಪಸು ಕೊಡಬೇಕಲ್ಲ” ಎಂದಳು.

ಶಿವರಾತ್ರಿಯ ರಜೆಗೆ ಮತ್ತೆ ಹೋದೆವು. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸೀರೆ ಹಾಸಿ ಗೋಳವನ್ನು ಕೂರಿಸಿ, ರಾತ್ರಿಯ ಬಸ್ಸಿನಲ್ಲಿ ಕಾಲಬಳಿ ಇಟ್ಟುಕೊಂಡೆ. ಬೆಳಿಗ್ಗೆ ತಲುಪಿದಾಗ ಕಡಲ ಕಡೆ ಎಲೆ ಅಲುಗದಷ್ಟು ನಿಶ್ಚಲ. ಗಾಳಿ ಏಳುವವರೆಗೆ ಕಾಯಬೇಕು ಎಂದು ಅವಳಿಗೆ ಗೊತ್ತಿತ್ತು. ಊಟವಾದ ಮೇಲೆ, ಹೋದ ಸಲದ ಜಾಗಕ್ಕೇ ಹೋಗಿ ಪೆಟ್ಟಿಗೆ ತೆರೆದೆವು. ಮರಳಿನ ಮೇಲೆ ಇಟ್ಟ ಗೋಳ ಒಮ್ಮೆ ತೂಗಿತು, ಇನ್ನೊಮ್ಮೆ ತೂಗಿತು, ಆಮೇಲೆ ಸೂಜಿತುದಿಗಳ ಮೇಲೆ ಎದ್ದು ಹೊರಟಿತು. ಮೊಮ್ಮಗಳು ಈ ಸಲ ಬೆನ್ನಟ್ಟಲಿಲ್ಲ. ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ಅದು ಎಲ್ಲಿ ನಿಲ್ಲುತ್ತದೋ ಎಂದು ನೋಡುತ್ತ ನಿಂತಳು.